ದೂರದ ಓಟಕ್ಕೂ ನಡಿಗೆಗೂ ಅಣಿಯಾಗುವವರ ಪ್ರಶ್ನೆಗಳು

ಮ್ಯಾರಥಾನ್ (42.195 ಕಿ.ಮೀ. ಓಟ), ಅದರ ಅರ್ಧ ದೂರದ ಹಾಫ್ ಮ್ಯಾರಥಾನ್ ಮತ್ತು ದೂರದ ನಡಿಗೆಗೆ ಹೆಸರು ನೋಂದಾಯಿಸಿರುವ ಓದುಗರು ಕಳಿಸಿದ ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳು ಹಲವು ಬಂದಿದ್ದರಿಂದ ವಿವರ ಹೆಚ್ಚಿದ್ದವನ್ನು ಮಾತ್ರ ಉಳಿಸಿಕೊಂಡು, ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇನೆ. ಓಡುವಾಗ ಎದೆನೋವು ಕಾಣಿಸಿಕೊಂಡವರು, ತಲೆಸುತ್ತಿ ಬಿದ್ದವರು, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತದ ಸಾವು ಕಂಡವರು ಕೆಳಗಿನ ಯಾವ ಸಲಹೆಯನ್ನೂ ಅನುಸರಿಸುವ ಮೊದಲು ವೈದ್ಯರನ್ನು ಕಾಣಬೇಕು. ಪತ್ರದ ಮೂಲಕ ಬಗೆಹರಿಸಬಹುದಾದ ಸಂಗತಿ ಅದಲ್ಲ.

ಪ್ರಶ್ನೆ: ನನಗೆ 41 ವರ್ಷ. ಆರು ತಿಂಗಳಿಂದ ವಾರಕ್ಕೆ ಮೂರು ದಿನ 5 ಕಿ.ಮೀ. ಓಡುತ್ತಿದ್ದೇನೆ. ಗೆಳೆಯರ ಒತ್ತಾಯಕ್ಕೆ ಮಣಿದು ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದು, ಅದಕ್ಕೆ ಇನ್ನು 16 ವಾರಗಳಿವೆ. ಕಳೆದ ಎರಡು ವಾರಗಳ ಓಟದ ದಾಖಲೆಯನ್ನು ಪತ್ರದ ಜೊತೆ ಲಗತ್ತಿಸಿದ್ದೇನೆ. ಇದೇ ರೀತಿ ವೇಗ ಹೆಚ್ಚಿಸುತ್ತಾ ಹೋದರೆ ಸಾಕೇ?

ಉತ್ತರ: ನಿಮ್ಮ ದಾಖಲೆಯಲ್ಲಿ ಆರು ಓಟಗಳಿವೆ. ಮೊದಲನೆಯದಕ್ಕೆ 28 ನಿಮಿಷ 40 ಸೆಕೆಂಡು, ಎರಡನೆಯದಕ್ಕೆ 28 ನಿಮಿಷ 25 ಸೆಕೆಂಡು, ಹೀಗೆ ಇಳಿಯುತ್ತಾ ಆರನೆಯದಕ್ಕೆ 27 ನಿಮಿಷ 50 ಸೆಕೆಂಡು ಎಂದು ಬರೆದು, ಅದರ ಮುಂದೆ ಒಂದು ನಕ್ಷತ್ರವನ್ನೂ ಹಾಕಿದ್ದೀರಿ. ಪ್ರತಿ ಸಲವೂ ಹಿಂದಿನ ದಿನದ ನಿಮ್ಮನ್ನೇ ಸೋಲಿಸಲು ಹೊರಟಿದ್ದೀರಿ ಎಂಬುದು ಆ ನಕ್ಷತ್ರದಿಂದಲೇ ತಿಳಿಯುತ್ತದೆ. ವಾರಕ್ಕೆ ಮೂರು ಸಲ ಪರೀಕ್ಷೆ ಬರೆಯುತ್ತಿದ್ದೀರಿ, ಪಾಠ ಓದಲು ಮಾತ್ರ ಒಂದು ದಿನವನ್ನೂ ಇಟ್ಟುಕೊಂಡಿಲ್ಲ. ದೂರದ ಓಟಕ್ಕೆ ಇಳಿಯುವವರಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದೇ ಆಗಿದೆ.

ಮ್ಯಾರಥಾನ್‌ನ ಶಕ್ತಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಆಮ್ಲಜನಕದ ನೆರವಿನಿಂದ ಹುಟ್ಟುವುದರಿಂದ, ಸ್ನಾಯುಗಳೊಳಗಿನ ಸೂಕ್ಷ್ಮ ರಕ್ತನಾಳಗಳು ಹೆಚ್ಚುವುದು, ಕೊಬ್ಬನ್ನು ಉರಿಸುವ ಸಾಮರ್ಥ್ಯ ಬೆಳೆಯುವುದು ಮತ್ತು ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ದೂಡಲು ಕಲಿಯುವುದು ಅಭ್ಯಾಸದ ಮುಖ್ಯ ಫಲಗಳಾಗಿವೆ. ಇವೆಲ್ಲವೂ ಏದುಸಿರು ಬಾರದ ಓಟದಲ್ಲೇ ಚೆನ್ನಾಗಿ ದಕ್ಕುತ್ತವೆ. ಪಕ್ಕದಲ್ಲಿ ಓಡುವವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಆಗುತ್ತಿದ್ದರೆ ಆ ವೇಗ ಸರಿಯಾಗಿದೆ ಎಂದೂ, ಎರಡು ಮೂರು ಪದಗಳಿಗೇ ಉಸಿರು ಕಟ್ಟುತ್ತಿದ್ದರೆ ವೇಗ ಹೆಚ್ಚಾಯಿತೆಂದೂ ತಿಳಿಯಿರಿ. 5 ಕಿ.ಮೀ.ಯನ್ನು 28 ನಿಮಿಷದಲ್ಲಿ ಮುಗಿಸುವ ನಿಮಗೆ ಆ ವೇಗ ಕಿಲೋಮೀಟರಿಗೆ 7 ನಿಮಿಷದಿಂದ 7 ನಿಮಿಷ 30 ಸೆಕೆಂಡಿನ ನಡುವೆ ಬರುತ್ತದೆ. ಮೊದಮೊದಲು ಇದು ನಾಚಿಕೆಯಾಗುವಷ್ಟು ನಿಧಾನವೆನಿಸಿ, ನಡೆಯುವವರೂ ನಿಮ್ಮನ್ನು ದಾಟಿ ಹೋಗುತ್ತಾರೇನೋ ಎಂಬ ಅಳುಕು ಹುಟ್ಟುತ್ತದೆ. ಅದನ್ನು ಸಹಿಸಿಕೊಳ್ಳಬೇಕು.

ನಿಧಾನಕ್ಕೆ ಇನ್ನೊಂದು ಕಾರಣವೂ ಉಂಟು. ಹೃದಯ ಮತ್ತು ರಕ್ತದ ಹೊಂದಾಣಿಕೆ ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ, ಆದರೆ ಮೂಳೆಗಳೂ ಸ್ನಾಯುರಜ್ಜುಗಳೂ ಹೊಸ ಭಾರಕ್ಕೆ ಗಟ್ಟಿಯಾಗಲು ತಿಂಗಳುಗಳೇ ಬೇಕಾಗುತ್ತವೆ. ಆರನೆಯ ವಾರದ ಹೊತ್ತಿಗೆ ಉಸಿರು ಹಗುರವಾಗಿ ಇನ್ನಷ್ಟು ಓಡುವ ಹುಮ್ಮಸ್ಸು ಬಂದಾಗಲೇ ಹಿಮ್ಮಡಿಯ ಮೇಲಿನ ನಾರು ಅಥವಾ ಮೊಣಕಾಲಿನ ಹೊರಬದಿ ಕೈಕೊಡುವುದಕ್ಕೆ ಈ ಅಂತರವೇ ಕಾರಣ.

ಹದಿನಾರು ವಾರಗಳು ಸಾಕೇ ಎಂದರೆ, ಬಹಳ ಬಿಗಿಯಾಗಿ ಸಾಕು. ಹಾಫ್‌ಗೆ ಬದಲಾಯಿಸಿಕೊಳ್ಳಲು ಆಯೋಜಕರು ಅವಕಾಶ ಕೊಡುವುದಾದರೆ ಹಾಗೆ ಮಾಡಿ ಎಂದೇ ನಾನು ಹೇಳುತ್ತೇನೆ. ಮ್ಯಾರಥಾನೇ ಆಗಬೇಕೆಂದಾದರೆ ವಾರಕ್ಕೆ ನಾಲ್ಕು ದಿನ ಓಡಿ, ಅವುಗಳಲ್ಲಿ ಒಂದನ್ನು ಮಾತ್ರ ದೀರ್ಘ ಓಟಕ್ಕೆ ಮೀಸಲಿಡಿ. ಆ ಓಟ ಮೊದಲ ಮೂರು ವಾರಗಳಲ್ಲಿ 8, 10, 12 ಕಿ.ಮೀ. ಆಗಿ, ನಾಲ್ಕನೆಯ ವಾರ 9ಕ್ಕೆ ಇಳಿಯಲಿ. ಮುಂದಿನ ಮೂರು ವಾರ 14, 16, 18 ಆಗಿ, ಎಂಟನೆಯ ವಾರ 13ಕ್ಕೆ ಇಳಿಯಲಿ. ಬಳಿಕ 20, 23, 26 ಕಿ.ಮೀ. ಓಡಿ, ಹನ್ನೆರಡನೆಯ ವಾರ 18ಕ್ಕೆ ಇಳಿದು, ಹದಿಮೂರನೆಯ ವಾರ 29 ಕಿ.ಮೀ. ಮುಟ್ಟಿ ಅಲ್ಲಿಗೆ ನಿಲ್ಲಿಸಿ. ನಾಲ್ಕು ವಾರಕ್ಕೊಮ್ಮೆ ಇಳಿಸುವುದನ್ನು ಸೋಮಾರಿತನವೆಂದು ತಿಳಿದು ತಪ್ಪಿಸುವವರಿದ್ದಾರೆ. ಮೈ ರಿಪೇರಿಯಾಗುವುದು ಆ ವಾರದಲ್ಲೇ ಎಂಬುದು ಅವರಿಗೆ ಗಾಯವಾದ ಮೇಲೆ ತಿಳಿಯುತ್ತದೆ.

ಅಭ್ಯಾಸದಲ್ಲಿ ಪೂರ್ತಿ 42 ಕಿ.ಮೀ. ಓಡಿ ನೋಡಬೇಡವೇ ಎಂದು ಹಲವರು ಕೇಳುತ್ತಾರೆ. ಬೇಡ. ಸುಮಾರು ಮೂರೂವರೆ ಗಂಟೆ ದಾಟಿದ ಮೇಲೆ ಸಿಗುವ ಲಾಭ ಅಲ್ಪವಾಗಿದ್ದು, ಅದರಿಂದ ಚೇತರಿಸಿಕೊಳ್ಳಲು ಬೇಕಾಗುವ ದಿನಗಳು ಬಹಳ ಹೆಚ್ಚುತ್ತವೆ. ಉಳಿದ ಮೂರು ದಿನಗಳಲ್ಲಿ ಎರಡು ದಿನ ಹಗುರವಾಗಿ 6ರಿಂದ 10 ಕಿ.ಮೀ. ಓಡಿ, ಒಂದು ದಿನ ಮಾತ್ರ ತುಸು ವೇಗದ ತುಣುಕುಗಳನ್ನು ಸೇರಿಸಿಕೊಳ್ಳಿ. ನಡುನಡುವೆ ನಡೆಯುವುದಕ್ಕೆ ಸಂಕೋಚ ಬೇಡ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ್ದ ಅಮೆರಿಕದ ಜೆಫ್ ಗ್ಯಾಲೊವೆ ಅವರು, ಕೆಲವು ನಿಮಿಷ ಓಡಿ ಒಂದು ನಿಮಿಷ ನಡೆಯುವ ಕ್ರಮವನ್ನು ಮೊದಲ ಕಿಲೋಮೀಟರಿನಿಂದಲೇ ಅನುಸರಿಸುವಂತೆ ಕಲಿಸಿ ಅಸಂಖ್ಯ ಹೊಸಬರನ್ನು ಅಂತಿಮ ಗೆರೆ ದಾಟಿಸಿದ್ದಾರೆ. ದಣಿದ ಮೇಲೆ ನಡೆಯುವುದಕ್ಕೂ ದಣಿಯದಂತೆ ನಡೆಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಪ್ರಶ್ನೆ: ಹೋದ ವರ್ಷದ ನನ್ನ ಮೊದಲ ಮ್ಯಾರಥಾನ್‌ನಲ್ಲಿ ನಾಲ್ಕು ಗಂಟೆಯ ಗುರಿ ಇಟ್ಟುಕೊಂಡಿದ್ದೆ. ಮೊದಲ 10 ಕಿ.ಮೀ. 56 ನಿಮಿಷಕ್ಕೆ, ಎರಡನೆಯ 10 ಕಿ.ಮೀ. 57 ನಿಮಿಷಕ್ಕೆ, ಮೂರನೆಯದು 63 ನಿಮಿಷಕ್ಕೆ ಮುಗಿದವು. ಅಲ್ಲಿಂದ ಕಾಲುಗಳು ಸೀಸದಂತಾಗಿ, ಉಳಿದ 12 ಕಿ.ಮೀ.ಗೆ 1 ಗಂಟೆ 52 ನಿಮಿಷ ಹಿಡಿಯಿತು. ಹಾಫ್‌ನಲ್ಲಿ ನನ್ನ ಅತ್ಯುತ್ತಮ ಸಮಯ 2 ಗಂಟೆ 2 ನಿಮಿಷ. ಅಭ್ಯಾಸದಲ್ಲಿ ಕೊರತೆ ಇರಲಿಲ್ಲ. ತಪ್ಪಿದ್ದೆಲ್ಲಿ?

ಉತ್ತರ: ನೀವು ಕೊಟ್ಟಿರುವ ಅಂಕಿಗಳನ್ನು ಕೂಡಿಸಿ ನೋಡಿ. 20 ಕಿ.ಮೀ.ಗೆ 1 ಗಂಟೆ 53 ನಿಮಿಷವೆಂದರೆ, ಅರ್ಧ ದಾರಿಯನ್ನು ಎರಡು ಗಂಟೆಗೆ ಮೊದಲೇ ದಾಟಿದ್ದೀರಿ. ಮ್ಯಾರಥಾನ್‌ನ ಮೊದಲರ್ಧದಲ್ಲೇ ನಿಮ್ಮ ಹಾಫ್‌ನ ದಾಖಲೆಯನ್ನು ಮುರಿದು, ಇನ್ನೂ ಅಷ್ಟೇ ದೂರವನ್ನು ಮುಂದಿಟ್ಟುಕೊಂಡಿದ್ದಿರಿ. ಇದಾದ ಮೇಲೆ 30 ಕಿ.ಮೀ. ತನಕ ನಿಮ್ಮನ್ನು ಹೊತ್ತೊಯ್ದ ಕಾಲುಗಳನ್ನು ದೂರುವಂತಿಲ್ಲ.

ಒಂದು ದೂರದ ಸಮಯದಿಂದ ಇನ್ನೊಂದು ದೂರದ ಸಮಯವನ್ನು ಅಂದಾಜು ಮಾಡಲು ಪೀಟರ್ ರೀಗೆಲ್ ಎಂಬ ಇಂಜಿನಿಯರ್ ರೂಪಿಸಿದ ಸೂತ್ರವೊಂದಿದೆ. ದೂರ ಇಮ್ಮಡಿಯಾದರೆ ಸಮಯ ಇಮ್ಮಡಿಗಿಂತ ತುಸು ಹೆಚ್ಚು, ಅಂದರೆ ಸುಮಾರು 2.085 ಪಟ್ಟು ಆಗುತ್ತದೆ ಎಂಬುದು ಅದರ ತಾತ್ಪರ್ಯ. ಅದರಂತೆ 2 ಗಂಟೆ 2 ನಿಮಿಷದ ಹಾಫ್ ಓಟಗಾರರಿಗೆ ಮ್ಯಾರಥಾನ್ 4 ಗಂಟೆ 15 ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು, ಅದೂ ದೀರ್ಘ ಓಟಗಳ ಬುನಾದಿ ಗಟ್ಟಿಯಾಗಿದ್ದರೆ ಮಾತ್ರ. ಕಿಲೋಮೀಟರಿಗೆ ಸುಮಾರು 6 ನಿಮಿಷ 3 ಸೆಕೆಂಡು ಬೀಳುವ ಆ ಲೆಕ್ಕದಲ್ಲಿ ನಿಮ್ಮ ಮೊದಲ 10 ಕಿ.ಮೀ. ಒಂದು ಗಂಟೆಗೆ ಮುಗಿಯಬೇಕಿತ್ತು. ನಾಲ್ಕು ನಿಮಿಷ ಉಳಿಸಿ, ಕೊನೆಯಲ್ಲಿ ಮೂವತ್ತೆಂಟು ನಿಮಿಷ ದಂಡ ತೆತ್ತಿದ್ದೀರಿ.

ಮೈಯೊಳಗೆ ನಡೆದದ್ದನ್ನೂ ಹೇಳುತ್ತೇನೆ. ಓಟದಲ್ಲಿ ಒಂದು ಕಿಲೋಮೀಟರಿಗೆ, ದೇಹದ ತೂಕದ ಒಂದೊಂದು ಕಿಲೋಗೂ ಸುಮಾರು 1 ಕಿಲೋಕ್ಯಾಲೊರಿ ಖರ್ಚಾಗುತ್ತದೆ. 62 ಕಿಲೋ ತೂಕದವರಿಗೆ ಇಡೀ ಮ್ಯಾರಥಾನ್‌ಗೆ 2,600 ಕಿಲೋಕ್ಯಾಲೊರಿ ಬೇಕಾದರೆ, ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುವ ಸಕ್ಕರೆಯಿಂದ ಸಿಗುವುದು 2,000ದ ಆಸುಪಾಸು ಮಾತ್ರ. ಉಳಿದದ್ದನ್ನು ಕೊಬ್ಬು ಕೊಡಬೇಕು. ತೆಳ್ಳಗಿನವರ ಮೈಯಲ್ಲೂ ಹಲವು ಮ್ಯಾರಥಾನ್‌ಗಳಿಗೆ ಸಾಲುವಷ್ಟು ಕೊಬ್ಬಿದ್ದರೂ ಅದು ಕರಗಿ ಕೈಗೆ ಬರುವುದು ತೀರ ನಿಧಾನ. ವೇಗ ಹೆಚ್ಚಿದಷ್ಟೂ ದೇಹ ಸಕ್ಕರೆಯನ್ನು ಹೆಚ್ಚು ಹೆಚ್ಚು ಬಳಸುತ್ತದೆ. ಹಾಗಾಗಿ ಮೊದಲ ಗಂಟೆಯ ಆತುರ ಅಂದೇ ನೋವು ಕೊಡದೆ, ಮೂರನೆಯ ಗಂಟೆಯಲ್ಲಿ ಖಾಲಿ ಉಗ್ರಾಣವನ್ನು ತೋರಿಸುತ್ತದೆ. ಓಟಗಾರರು ‘ಗೋಡೆಗೆ ಬಡಿಯುವುದು’ ಎಂದು ಕರೆಯುವುದು ಇದನ್ನೇ. ಗಟ್ಟಿ ರಸ್ತೆಯ ಮೇಲೆ ಸಾವಿರಾರು ಹೆಜ್ಜೆ ಹಾಕಿದ ತೊಡೆಯ ಸ್ನಾಯುಗಳ ಸವೆತವೂ ಅದೇ ಹೊತ್ತಿಗೆ ಸೇರಿಕೊಳ್ಳುವುದರಿಂದ, ಆಮೇಲೆ ಸಕ್ಕರೆ ತಿಂದ ಮಾತ್ರಕ್ಕೆ ಕಾಲುಗಳು ಮತ್ತೆ ಮೊದಲಿನಂತಾಗುವುದಿಲ್ಲ.

ನನ್ನ ಮೊದಲ ಓಟದಲ್ಲಿ ನಾನೂ ಇದನ್ನೇ ಮಾಡಿದ್ದೆ. ಮೊದಲ ಕಿಲೋಮೀಟರುಗಳಲ್ಲಿ ಎಷ್ಟು ಹಗುರವೆನಿಸಿತ್ತೆಂದರೆ, ಅಭ್ಯಾಸದಲ್ಲಿ ನನ್ನ ಜೊತೆ ಓಡುತ್ತಿದ್ದ ಹಿರಿಯರೊಬ್ಬರು ಹಿಂದುಳಿದುದನ್ನು ಕಂಡು ಅವರಿಗೆ ಇಂದು ಮೈ ಸರಿಯಿಲ್ಲವೆಂದುಕೊಂಡೆ. 34ನೆಯ ಕಿಲೋಮೀಟರಿನ ಫಲಕದ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದಾಗ ಅವರು ಹೊರಟ ವೇಗದಲ್ಲೇ ನನ್ನನ್ನು ದಾಟಿ, ಕೈಬೀಸಿ ಹೋದರು.

ಮುಂದಿನ ಸಲಕ್ಕೆ ಎರಡು ಬದಲಾವಣೆ ಮಾಡಿಕೊಳ್ಳಿ. ಮೊದಲ 5 ಕಿ.ಮೀ.ಯನ್ನು ನಿಮ್ಮ ಗುರಿಯ ವೇಗಕ್ಕಿಂತ ಕಿಲೋಮೀಟರಿಗೆ 10 ಸೆಕೆಂಡಿನಷ್ಟು ನಿಧಾನವಾಗಿ ಓಡಿ, ಬಳಿಕ ಗುರಿಯ ವೇಗಕ್ಕೆ ಬನ್ನಿ. ಗುಂಪು ಎಳೆದೊಯ್ಯುತ್ತಿದೆ ಎನಿಸಿದಾಗ ಕೈಗಡಿಯಾರವನ್ನು ನಂಬಿ, ಕಾಲುಗಳನ್ನು ನಂಬಬೇಡಿ. ಎರಡನೆಯದಾಗಿ, ಗಂಟೆಗೆ 30ರಿಂದ 60 ಗ್ರಾಂ ಶರ್ಕರ ಪಿಷ್ಟವನ್ನು ಜೆಲ್ (ಓಡುತ್ತಲೇ ಹೀರಬಹುದಾದ ಸಿಹಿ ಲೇಹ್ಯದ ಪೊಟ್ಟಣ), ಪಾನೀಯ ಅಥವಾ ಹಣ್ಣಿನ ರೂಪದಲ್ಲಿ, ಹಸಿವಾಗುವುದನ್ನು ಕಾಯದೆ ಮೊದಲ 40-45 ನಿಮಿಷದೊಳಗೆ ಆರಂಭಿಸಿ ತೆಗೆದುಕೊಳ್ಳಿ. ಗ್ಲುಕೋಸ್ ಮತ್ತು ಫ್ರಕ್ಟೋಸ್ ಕರುಳಿನಲ್ಲಿ ಬೇರೆ ಬೇರೆ ದಾರಿಗಳಿಂದ ಹೀರಲ್ಪಡುವುದರಿಂದ, ಎರಡೂ ಬೆರೆತಿರುವ ಜೆಲ್‌ಗಳನ್ನು ಬಳಸಿ ನುರಿತವರು ಗಂಟೆಗೆ 90 ಗ್ರಾಂ ತನಕ ಏರಿಸುತ್ತಾರೆ. ಆದರೆ ಕರುಳಿಗೂ ಅಭ್ಯಾಸ ಬೇಕು. ಓಟದ ದಿನ ಮೊದಲ ಸಲ ಜೆಲ್ ಬಾಯಿಗಿಟ್ಟು, ಉಳಿದ ದಾರಿಯುದ್ದಕ್ಕೂ ಶೌಚಾಲಯದ ಫಲಕ ಹುಡುಕಿದವರ ಪತ್ರಗಳೇ ನನ್ನ ಬಳಿ ನಾಲ್ಕಾರಿವೆ. ಓಟಕ್ಕೆ ಎರಡು ಮೂರು ದಿನ ಮುಂಚಿನಿಂದ ಊಟದಲ್ಲಿ ಎಣ್ಣೆ ಮತ್ತು ನಾರಿನ ಪಾಲು ತಗ್ಗಿಸಿ, ಒಗ್ಗಿದ ಪಿಷ್ಟದ ಆಹಾರವನ್ನು ಹೆಚ್ಚಿಸಿ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಸೇರುವುದರಿಂದ ತೂಕ ಒಂದು ಕಿಲೋ ಏರಿದರೆ ಗಾಬರಿಪಡಬೇಡಿ.

ಈ ಕೊನೆಯ ಕಿಲೋಮೀಟರುಗಳ ಕಥೆ ಹಳೆಯದು. ಮ್ಯಾರಥಾನ್ ಇಂದಿನ 42.195 ಕಿ.ಮೀ. ಉದ್ದವನ್ನು ಮೊದಲು ಪಡೆದದ್ದು 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ. ಅಂದು ಕ್ರೀಡಾಂಗಣಕ್ಕೆ ಮೊದಲು ಬಂದ ಇಟಲಿಯ ಡೊರಾಂಡೊ ಪಿಯೆಟ್ರಿ ದಿಕ್ಕು ತಪ್ಪಿ ತಿರುಗಿ, ಹಲವು ಸಲ ಕುಸಿದು, ಅಧಿಕಾರಿಗಳ ಆಸರೆಯಿಂದ ಗೆರೆ ದಾಟಿದರು. ನೆರವು ಪಡೆದ ಕಾರಣಕ್ಕೆ ಅವರನ್ನು ಅನರ್ಹಗೊಳಿಸಿ, ಚಿನ್ನವನ್ನು ಅಮೆರಿಕದ ಜಾನಿ ಹೇಯ್ಸ್ ಅವರಿಗೆ ಕೊಡಲಾಯಿತು. ಆ ಉದ್ದವೇ 1921ರಲ್ಲಿ ಅಧಿಕೃತವಾಗಿ ಸ್ಥಿರಗೊಂಡಿತು.

ಪ್ರಶ್ನೆ: ಬಾಯಾರುವ ಮೊದಲೇ ಕುಡಿಯಬೇಕು, ಸಿಕ್ಕ ಪ್ರತಿ ನೀರಿನ ಮೇಜಿನಲ್ಲೂ ಎರಡು ಲೋಟ ಕುಡಿಯಬೇಕು ಎಂದು ನಮ್ಮ ಗುಂಪಿನವರು ಹೇಳುತ್ತಾರೆ. ನಾನು ನಿಧಾನದ ಓಟಗಾರ್ತಿ. ಐದೂವರೆ ಗಂಟೆ ಬೇಕಾಗುತ್ತದೆ. ಅಷ್ಟು ಕುಡಿದರೆ ಹೊಟ್ಟೆ ಕುಲುಕಿ ಓಡಲಾಗುವುದಿಲ್ಲ.

ಉತ್ತರ: ನಿಮ್ಮ ಹೊಟ್ಟೆ ಗುಂಪಿನವರಿಗಿಂತ ಹೆಚ್ಚು ತಿಳಿದಿದೆ. ಬೆವರು ಹೋದದ್ದಕ್ಕಿಂತ ಹೆಚ್ಚು ನೀರು ಒಳಗೆ ಹೋದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ, ಮೊದಲು ತಲೆನೋವು ಮತ್ತು ವಾಕರಿಕೆ, ಮುಂದುವರಿದರೆ ಗೊಂದಲ, ಸೆಳವು, ಅಪರೂಪಕ್ಕೆ ಸಾವೂ ಸಂಭವಿಸುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ 13 ಶೇಕಡಾ ಮಂದಿಯಲ್ಲಿ ಸೋಡಿಯಂ ಸಾಮಾನ್ಯ ಮಟ್ಟಕ್ಕಿಂತ ಕೆಳಗಿತ್ತು. ಓಟದಲ್ಲಿ ತೂಕ ಹೆಚ್ಚಿಸಿಕೊಂಡವರೂ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ತೆಗೆದುಕೊಂಡವರೂ ಹೆಚ್ಚಿನ ಅಪಾಯದಲ್ಲಿದ್ದರು. ಕಾರಣ ಸರಳವಾಗಿದೆ. ನಿಧಾನದವರು ಗಂಟೆಗೆ ಬೆವರುವುದು ಕಡಿಮೆ, ಕುಡಿಯಲು ಸಿಗುವ ಸಮಯ ಮಾತ್ರ ಹೆಚ್ಚು.

ನಿಮ್ಮ ಅಳತೆಯನ್ನು ನೀವೇ ಕಂಡುಕೊಳ್ಳಬಹುದು. ಅಭ್ಯಾಸದ ದಿನ ಮೂತ್ರವಿಸರ್ಜನೆ ಮುಗಿಸಿ, ಕನಿಷ್ಠ ಬಟ್ಟೆಯಲ್ಲಿ ತೂಕ ನೋಡಿಕೊಂಡು, ಏನನ್ನೂ ಕುಡಿಯದೆ ಒಂದು ಗಂಟೆ ಓಡಿ, ಬೆವರು ಒರೆಸಿಕೊಂಡು ಮತ್ತೆ ತೂಕ ನೋಡಿ. ಅರ್ಧ ಕಿಲೋ ಇಳಿದಿದ್ದರೆ ಅರ್ಧ ಲೀಟರ್ ಬೆವರಿದ್ದೀರಿ ಎಂದರ್ಥ. ಅಷ್ಟನ್ನೂ ಹಿಂತುಂಬಿಸಬೇಕಾಗಿಲ್ಲ. ಓಟದ ಕೊನೆಗೆ ತೂಕ 2 ಶೇಕಡಾ ಇಳಿದಿದ್ದರೂ ಹೆಚ್ಚಿನವರಿಗೆ ತೊಂದರೆಯಿಲ್ಲ, ಆದರೆ ಏರಿರಲೇಬಾರದು. ಬಾಯಾರಿದಾಗ ಕುಡಿಯಿರಿ, ಬಾಯಾರದಿದ್ದರೆ ಮೇಜನ್ನು ದಾಟಿ ಹೋಗಿ. ಉಂಗುರ ಬಿಗಿಯಾಗತೊಡಗಿ ಹೊಟ್ಟೆ ಉಬ್ಬರಿಸಿದರೆ ಕುಡಿಯುವುದನ್ನು ನಿಲ್ಲಿಸಿ ವೈದ್ಯಕೀಯ ಶಿಬಿರಕ್ಕೆ ಹೋಗಬೇಕು.

ಬಿಸಿಲಿನ ಮಾತು ಬೇರೆ. ಸೆಖೆಗೆ ದೇಹ ಒಗ್ಗಲು 10ರಿಂದ 14 ದಿನ ಬೇಕಾಗುವುದರಿಂದ, ಓಟ ಬಿಸಿಲಿನ ಹೊತ್ತಿನಲ್ಲಿದ್ದರೆ ಕೊನೆಯ ಎರಡು ಮೂರು ವಾರಗಳ ಕೆಲವು ಹಗುರ ಓಟಗಳನ್ನು ಅದೇ ಹೊತ್ತಿಗೆ ಬದಲಾಯಿಸಿಕೊಳ್ಳಿ. ಅಂದಿನ ದಿನ ನಿರೀಕ್ಷೆಗಿಂತ ಸೆಖೆಯಿದ್ದರೆ ಗುರಿಯ ಸಮಯವನ್ನು ಮರೆತುಬಿಡುವುದೊಂದೇ ದಾರಿ. ನೀರು ಎಷ್ಟು ಕುಡಿದರೂ ಉಷ್ಣಾಘಾತವನ್ನು ತಡೆಯುವ ಖಾತ್ರಿಯಿಲ್ಲ, ವೇಗ ಇಳಿಸಿದರೆ ತಡೆಯಬಹುದು.

ಪ್ರಶ್ನೆ: 58 ವರ್ಷದ ಗೃಹಿಣಿ ನಾನು. ಓಡಲಾರೆ, ಆದರೆ ದಿನಕ್ಕೆ ಒಂದು ಗಂಟೆ ಬಿರುಸಾಗಿ ನಡೆಯುತ್ತೇನೆ. ನಾಲ್ಕು ತಿಂಗಳ ಬಳಿಕ ನಡೆಯಲಿರುವ 20 ಕಿ.ಮೀ. ನಡಿಗೆಯಲ್ಲಿ ಭಾಗವಹಿಸುವ ಆಸೆ. ವೇಗ ಹೆಚ್ಚಿಸಿದ ಕೂಡಲೇ ಮೊಣಕಾಲ ಕೆಳಗೆ, ಮುಂಭಾಗದಲ್ಲಿ ಉರಿಯಂಥ ನೋವು ಬರುತ್ತದೆ. ನಡಿಗೆಯ ಸ್ಪರ್ಧೆಗೆ ನಿಯಮಗಳಿವೆಯೆಂದೂ ಕೇಳಿದ್ದೇನೆ.

ಉತ್ತರ: ಅಮ್ಮಾ, ‘ಓಡಲಾರೆ’ ಎಂದು ತಗ್ಗಿದ ದನಿಯಲ್ಲಿ ಬರೆಯುವ ಅಗತ್ಯವಿಲ್ಲ. 1909ರಲ್ಲಿ ಆರಂಭವಾಗಿ, ಈಗ ನೆದರ್ಲೆಂಡ್ಸ್‌ನ ನೈಮೇಖನ್ ನಗರದಲ್ಲಿ ನಡೆಯುವ ನಾಲ್ಕು ದಿನಗಳ ನಡಿಗೆಯಲ್ಲಿ ಸಾವಿರಾರು ಜನರು ವಯಸ್ಸಿಗೆ ತಕ್ಕಂತೆ ದಿನಕ್ಕೆ 30, 40 ಅಥವಾ 50 ಕಿ.ಮೀ. ನಡೆಯುತ್ತಾರೆ. ಅಲ್ಲಿ ಮೊದಲು ಬಂದವರಿಗೆ ಬಹುಮಾನವಿಲ್ಲ, ನಾಲ್ಕೂ ದಿನ ಮುಗಿಸಿದವರಿಗೆಲ್ಲ ಪದಕವಿದೆ.

ನಿಯಮಗಳು ಅನ್ವಯಿಸುವುದು ಅಥ್ಲೆಟಿಕ್ಸ್‌ನ ವೇಗನಡಿಗೆಗೆ ಮಾತ್ರ. ಅಲ್ಲಿ ಬರಿಗಣ್ಣಿಗೆ ಕಾಣುವಂತೆ ಒಂದಲ್ಲ ಒಂದು ಪಾದ ನೆಲಕ್ಕೆ ತಾಗಿಯೇ ಇರಬೇಕು, ಮತ್ತು ಮುಂದಿಟ್ಟ ಕಾಲು ನೆಲ ಮುಟ್ಟಿದ ಗಳಿಗೆಯಿಂದ ದೇಹದ ಕೆಳಗೆ ನೆಟ್ಟಗೆ ಬರುವ ತನಕ ಮೊಣಕಾಲು ಮಡಚಬಾರದು. ದಾರಿಯುದ್ದಕ್ಕೂ ನಿಂತ ತೀರ್ಪುಗಾರರು ಹಳದಿ ಫಲಕ ತೋರಿಸಿ ಎಚ್ಚರಿಸುತ್ತಾರೆ. ಕಣ್ಣಿಗೆ ಸ್ಪಷ್ಟವಾಗಿ ಬಿದ್ದ ತಪ್ಪಿಗೆ ಕೆಂಪು ಕಾರ್ಡ್ ಬರೆಯುತ್ತಾರೆ. ಒಬ್ಬ ತೀರ್ಪುಗಾರ ಒಬ್ಬ ಸ್ಪರ್ಧಿಗೆ ಒಂದೇ ಕೆಂಪು ಕಾರ್ಡ್ ಕೊಡಬಹುದಾಗಿದ್ದು, ಮೂವರು ಬೇರೆ ಬೇರೆ ತೀರ್ಪುಗಾರರಿಂದ ಮೂರು ಬಂದರೆ ಅನರ್ಹತೆ, ಇಲ್ಲವೇ ದಂಡದ ಆವರಣವಿರುವ ಸ್ಪರ್ಧೆಗಳಲ್ಲಿ ನಿಗದಿತ ಹೊತ್ತು ಅಲ್ಲಿ ನಿಲ್ಲುವ ಶಿಕ್ಷೆ ಕಾದಿರುತ್ತದೆ. ನೀವು ಹೆಸರು ಕೊಡಲಿರುವುದು ಸಾರ್ವಜನಿಕ ನಡಿಗೆಯಾದರೆ ಇದಾವುದೂ ನಿಮ್ಮನ್ನು ಬಾಧಿಸುವುದಿಲ್ಲ. ಕಾಲಮಿತಿ ಎಷ್ಟೆಂಬುದನ್ನು ಮಾತ್ರ ಮೊದಲೇ ಕೇಳಿ ತಿಳಿದುಕೊಳ್ಳಿ.

ಇನ್ನು ಆ ಉರಿ. ಹಿಮ್ಮಡಿ ನೆಲಕ್ಕೆ ತಾಗುವಾಗ ಪಾದದ ಮುಂಭಾಗ ಧಪ್ಪೆಂದು ಬೀಳದಂತೆ ಎತ್ತಿ ಹಿಡಿಯುವ ಸ್ನಾಯು ಮೊಣಕಾಲ ಕೆಳಗೆ, ಮೂಳೆಯ ಹೊರಮಗ್ಗುಲಲ್ಲಿದೆ. ಬಿರುನಡಿಗೆಯಲ್ಲಿ ಅದು ಓಟಕ್ಕಿಂತ ಹೆಚ್ಚು ದುಡಿಯುತ್ತದೆ. ಹೆಚ್ಚಿನವರು ವೇಗ ಬೇಕೆಂದಾಗ ಹೆಜ್ಜೆಯನ್ನು ಉದ್ದ ಮಾಡುತ್ತಾರೆ. ಹಾಗೆ ಮಾಡಿದಾಗ ಹಿಮ್ಮಡಿ ದೇಹಕ್ಕಿಂತ ಬಹಳ ಮುಂದೆ ಬಿದ್ದು, ಪ್ರತಿ ಹೆಜ್ಜೆಯೂ ತಾನೇ ಒಂದು ಬ್ರೇಕ್ ಆಗಿ, ಆ ಸ್ನಾಯು ದಣಿದು ಉರಿಯತೊಡಗುತ್ತದೆ. ಹೆಜ್ಜೆಯನ್ನು ಗಿಡ್ಡ ಮಾಡಿ, ಅದರ ಎಣಿಕೆಯನ್ನು ಹೆಚ್ಚಿಸಿ. ಮೊಣಕೈಗಳನ್ನು ಮಡಚಿ, ಕೈಗಳನ್ನು ಎದೆಗೆ ಅಡ್ಡವಾಗಿ ಬೀಸದೆ ಹಿಂದಕ್ಕೆ ಬೀಸಿದರೆ ಕಾಲುಗಳ ಲಯ ತಾನಾಗಿ ಚುರುಕಾಗುತ್ತದೆ. ಕುರ್ಚಿಯಲ್ಲಿ ಕುಳಿತು, ಹಿಮ್ಮಡಿ ನೆಲದ ಮೇಲಿಟ್ಟು, ಪಾದದ ತುದಿಯನ್ನು 20 ಸಲ ಎತ್ತಿ ಇಳಿಸುವ ವ್ಯಾಯಾಮವನ್ನು ದಿನಕ್ಕೆರಡು ಸಲ ಮಾಡಿದರೆ ಕೆಲವು ವಾರಗಳಲ್ಲಿ ಉರಿ ತಗ್ಗುತ್ತದೆ. ಮೂಳೆಯ ಮೇಲೇ ನೋವಿದ್ದರೆ ಮುಂದಿನ ಉತ್ತರವನ್ನು ಓದಿ.

20 ಕಿ.ಮೀ.ಗೆ ನಿಮಗೆ ನಾಲ್ಕು ಗಂಟೆಯ ಆಸುಪಾಸು ಬೇಕಾಗಬಹುದು. ಅಷ್ಟು ಹೊತ್ತು ಕಾಲ ಮೇಲಿರುವುದನ್ನು ಕಲಿಯುವುದೇ ಅಭ್ಯಾಸ. ದಿನದ ಒಂದು ಗಂಟೆ ಹಾಗೆಯೇ ಇರಲಿ, ವಾರದಲ್ಲಿ ಒಂದು ದಿನದ ನಡಿಗೆಗೆ ಮಾತ್ರ ಪ್ರತಿ ವಾರ 10-15 ನಿಮಿಷ ಸೇರಿಸುತ್ತಾ ಮೂರೂವರೆ ಗಂಟೆ ತನಕ ಒಯ್ಯಿರಿ, ಮತ್ತು ಅದರ ಮರುದಿನ ಒಂದು ಗಂಟೆ ಹಗುರವಾಗಿ ನಡೆಯಿರಿ. ದಣಿದ ಕಾಲಿನ ಮೇಲೆ ನಡೆಯುವುದು ಆ ಎರಡನೆಯ ದಿನ ರೂಢಿಯಾಗುತ್ತದೆ. ನಡೆಯುವವರನ್ನು ಸೋಲಿಸುವುದು ಉಸಿರಿಗಿಂತ ಹೆಚ್ಚಾಗಿ ನೀರುಗುಳ್ಳೆ. ಅದು ಏಳುವುದು ತೇವ ಮತ್ತು ಉಜ್ಜುವಿಕೆ ಜೊತೆಗೂಡಿದಾಗ. ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದನ್ನು ಬಿಟ್ಟು, ಬೇಗ ಒಣಗುವ ನೂಲಿನದನ್ನು ಧರಿಸಿ, ಜೊತೆಯಲ್ಲಿ ಇನ್ನೊಂದು ಜೊತೆ ಇಟ್ಟುಕೊಂಡು ಅರ್ಧ ದಾರಿಯಲ್ಲಿ ಬದಲಾಯಿಸಿ. ಒಂದು ಜಾಗ ಬಿಸಿಯೆನಿಸತೊಡಗಿದರೆ, ಮುಂದಿನ ಮೇಜಿನ ತನಕ ಹೋಗೋಣ ಎನ್ನದೆ, ಅಲ್ಲಿಯೇ ಕುಳಿತು ಬೂಟು ಬಿಚ್ಚಿ ಅಂಟುಪಟ್ಟಿ ಹಾಕಿ. ಆ ಎರಡು ನಿಮಿಷ ಮುಂದಿನ ಎರಡು ಗಂಟೆಗಳನ್ನು ಉಳಿಸುತ್ತದೆ.

ಪ್ರಶ್ನೆ: ಓಟಕ್ಕೆ ಐದು ವಾರಗಳಿವೆ. ಮುಂಗಾಲಿನ ಮೂಳೆಯ ಒಳಬದಿಯಲ್ಲಿ ನೋವಿದೆ. ಮೊದಲು ಓಡುವಾಗ ಮಾತ್ರ ಇದ್ದದ್ದು ಈಗ ರಾತ್ರಿಯೂ ಕಾಡುತ್ತಿದೆ. ನೋವಿನ ಮಾತ್ರೆ ನುಂಗಿ ಅಭ್ಯಾಸ ಮುಂದುವರಿಸಲೇ?

ಉತ್ತರ: ಬೇಡ. ಮೂಳೆಯುದ್ದಕ್ಕೂ ಹರಡಿರುವ, ಓಡತೊಡಗಿದ ಮೇಲೆ ತುಸು ಸಡಿಲವಾಗುವ ನೋವು ಸಾಮಾನ್ಯವಾಗಿ ಮೂಳೆಯ ಹೊದಿಕೆ ಮತ್ತು ಸ್ನಾಯುಗಳಿಗೆ ಸಂಬಂಧಿಸಿದ್ದು, ಓಟ ಇಳಿಸಿದರೆ ಗುಣವಾಗುತ್ತದೆ. ಒಂದೇ ಬೆರಳಿನಿಂದ ತೋರಿಸಬಹುದಾದ, ಒತ್ತಿದರೆ ಚುರ್ ಎನ್ನುವ, ಒಂಟಿ ಕಾಲಿನಲ್ಲಿ ಕುಪ್ಪಳಿಸಿದರೆ ಹೆಚ್ಚುವ, ರಾತ್ರಿ ಮಲಗಿದಾಗಲೂ ಬಿಡದ ನೋವು ಮೂಳೆಯಲ್ಲಿ ಸೂಕ್ಷ್ಮ ಬಿರುಕು ಮೂಡುತ್ತಿರುವುದರ ಲಕ್ಷಣವಾಗಿರಬಹುದು. ಇಂದೇ ಓಟ ನಿಲ್ಲಿಸಿ ಮೂಳೆ ತಜ್ಞರನ್ನು ಕಾಣಿರಿ. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಬಿರುಕು ಎಷ್ಟೋ ಸಲ ಕಾಣುವುದಿಲ್ಲ, ಹಾಗಾಗಿ ಎಕ್ಸ್‌ರೇ ಸರಿಯಿದೆ ಎಂಬ ಒಂದೇ ಕಾರಣಕ್ಕೆ ಮತ್ತೆ ಓಡಬೇಡಿ. ಅವರು ಎಂಆರ್‌ಐ ಸೂಚಿಸಬಹುದು. ವೈದ್ಯರು ಒಪ್ಪಿದರೆ ಈಜು ಅಥವಾ ಸೈಕಲ್ ಮೂಲಕ ಉಸಿರಿನ ಬಲವನ್ನು ಉಳಿಸಿಕೊಳ್ಳಬಹುದು. ಈ ಓಟ ಮಾತ್ರ ಕೈತಪ್ಪುವ ಸಂಭವವೇ ಹೆಚ್ಚು, ಅದನ್ನು ಈಗಲೇ ಒಪ್ಪಿಕೊಳ್ಳುವುದು ಒಳ್ಳೆಯದು.

ಐಬುಪ್ರೊಫೆನ್‌ನಂಥ ಮಾತ್ರೆಗಳು ನೋವನ್ನು ಮುಚ್ಚುವುದಲ್ಲದೆ, ದೀರ್ಘ ಓಟದಲ್ಲಿ ಈಗಾಗಲೇ ರಕ್ತ ಕಡಿಮೆಯಾಗಿರುವ ಮೂತ್ರಪಿಂಡಗಳ ಮೇಲೆ ಹೆಚ್ಚಿನ ಭಾರ ಹೇರುತ್ತವೆ. ಓಟದ ದಿನ ಮುನ್ನೆಚ್ಚರಿಕೆಯೆಂದು ಅವನ್ನು ನುಂಗುವ ರೂಢಿ ಹಬ್ಬಿರುವುದು ನನಗೆ ಆತಂಕದ ವಿಷಯ. ಮಹಿಳೆಯರಲ್ಲಿ ಇಂಥ ಬಿರುಕಿನ ಜೊತೆ ಮುಟ್ಟು ನಿಂತಿದ್ದರೆ ಅಥವಾ ತಪ್ಪುತ್ತಿದ್ದರೆ, ಓಟಕ್ಕೆ ತಕ್ಕಷ್ಟು ಆಹಾರ ಹೋಗುತ್ತಿಲ್ಲವೆಂಬ ಸೂಚನೆ ಅದಾಗಿರಬಹುದು. ಅದನ್ನೂ ವೈದ್ಯರಿಗೆ ಹೇಳಬೇಕು.

ಪ್ರಶ್ನೆ: ಓಟದ ದಿನಕ್ಕೆಂದು ಅಟ್ಟೆಯೊಳಗೆ ಕಾರ್ಬನ್ ಪಟ್ಟಿಯಿರುವ ವೇಗದ ಬೂಟು ಕೊಂಡು ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಪ್ರತಿ ದೀರ್ಘ ಓಟದ ಬಳಿಕ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ, ಅದಕ್ಕೇನು ಮಾಡಲಿ?

ಉತ್ತರ: ಪೆಟ್ಟಿಗೆಯಿಂದ ತೆಗೆಯಿರಿ. ಅದೇ ಬೂಟು, ಅದೇ ಕಾಲುಚೀಲ, ಅದೇ ಚಡ್ಡಿಯಲ್ಲಿ ಕನಿಷ್ಠ ಒಂದು ದೀರ್ಘ ಓಟ ಮತ್ತು ಒಂದು ವೇಗದ ಓಟ ಮುಗಿಸಿರಬೇಕು. ಉಗುರು ಕಪ್ಪಾಗುವುದು ಬೂಟಿನ ಮೂತಿಗೆ ಬಡಿದು ಅಡಿಯಲ್ಲಿ ರಕ್ತ ಕಟ್ಟುವುದರಿಂದ. ಓಡುತ್ತಾ ಪಾದ ಊದಿಕೊಳ್ಳುವುದರಿಂದ ಬೂಟನ್ನು ಸಂಜೆಯ ಹೊತ್ತು ಕೊಳ್ಳಬೇಕು, ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಉಗುರನ್ನು ಓಟಕ್ಕೆ ನಾಲ್ಕೈದು ದಿನ ಮುಂಚೆ ನೇರವಾಗಿ ಕತ್ತರಿಸಿ. ಅಭ್ಯಾಸದ ಬೂಟು ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ. ಅಂದಹಾಗೆ, ರಸ್ತೆ ಓಟದ ಬೂಟಿನ ಅಟ್ಟೆ 40 ಮಿಲಿಮೀಟರಿಗಿಂತ ದಪ್ಪವಿರಬಾರದೆಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮವಿದೆ. ನಮ್ಮಂಥವರ ಬೂಟನ್ನು ಯಾರೂ ಅಳೆದು ಅನರ್ಹಗೊಳಿಸಲು ಬರುವುದಿಲ್ಲವೆನ್ನಿ.

ಪ್ರಶ್ನೆ: ಓಟಕ್ಕೆ ಎರಡೇ ವಾರ ಉಳಿದಿವೆ. ನಡುವೆ ಜ್ವರ ಬಂದು ಒಂದು 30 ಕಿ.ಮೀ. ಓಟ ತಪ್ಪಿಹೋಯಿತು. ಈ ವಾರ ಅದನ್ನು ತುಂಬಿಸಿಕೊಳ್ಳಲೇ? ಓಟದ ದಿನ ನೆನಪಿಡಬೇಕಾದದ್ದೇನು?

ಉತ್ತರ: ತಪ್ಪಿದ ಓಟ ತಪ್ಪಿತು. ದೀರ್ಘ ಓಟದ ಫಲ ಮೈಗೆ ಹತ್ತಲು ವಾರಗಳು ಬೇಕಾಗುತ್ತವೆ, ಅದರ ದಣಿವು ಮಾತ್ರ ಮರುದಿನದಿಂದಲೇ ಇರುತ್ತದೆ. ಎರಡು ವಾರ ಇರುವಾಗ ಓಡಿದ 30 ಕಿ.ಮೀ. ನಿಮಗೆ ದಣಿವನ್ನಷ್ಟೇ ತಂದುಕೊಡುತ್ತದೆ. ಜ್ವರ ಪೂರ್ತಿ ಇಳಿದು ಕೆಲವು ದಿನಗಳಾಗಿದ್ದರೆ, ಈ ವಾರ ಹೆಚ್ಚೆಂದರೆ 15-16 ಕಿ.ಮೀ. ಹಗುರವಾಗಿ ಓಡಿ. ಜ್ವರ, ಮೈಕೈ ನೋವು, ಎದೆಯ ಕೆಮ್ಮು ಇರುವಾಗ ಓಡುವುದರಿಂದ ಹೃದಯದ ಸ್ನಾಯುವಿಗೇ ಸೋಂಕು ತಗಲುವ ಅಪಾಯವಿದೆ, ಆ ಹಟ ಯಾರಿಗೂ ಬೇಡ. ಕೊನೆಯ ಎರಡು ವಾರಗಳಲ್ಲಿ ಒಟ್ಟು ದೂರವನ್ನು ಅರ್ಧದಷ್ಟು ತಗ್ಗಿಸಿ, ಓಡುವ ದಿನಗಳನ್ನೂ ಒಂದೆರಡು ವೇಗದ ತುಣುಕುಗಳನ್ನೂ ಉಳಿಸಿಕೊಳ್ಳಿ. ಈ ದಿನಗಳಲ್ಲಿ ಇಲ್ಲದ ನೋವುಗಳೆಲ್ಲ ಮೊಣಕಾಲಿನಲ್ಲಿ ಹುಟ್ಟುತ್ತವೆ, ಮೆಟ್ಟಿಲು ಹತ್ತಿದರೂ ಕಾಲು ಭಾರವೆನಿಸುತ್ತದೆ. ಹೆಚ್ಚಿನವರಿಗೆ ಹಾಗಾಗುವುದರಿಂದ ಅದಕ್ಕೆ ಕಿವಿಗೊಡಬೇಡಿ. ಹಿಂದಿನ ರಾತ್ರಿ ನಿದ್ದೆ ಬಾರದಿದ್ದರೂ ದೊಡ್ಡ ನಷ್ಟವಿಲ್ಲ. ಅದರ ಹಿಂದಿನ ಎರಡು ಮೂರು ರಾತ್ರಿ ಚೆನ್ನಾಗಿ ಮಲಗಿರಿ.

ಬಿಬ್‌ಗೆ (ಎದೆಯ ಮೇಲೆ ತೊಡುವ ನಿಮ್ಮ ಸಂಖ್ಯೆಯ ಚೀಟಿಗೆ) ನಾಲ್ಕು ಪಿನ್ನುಗಳನ್ನು ಹಿಂದಿನ ಸಂಜೆಯೇ ಚುಚ್ಚಿಟ್ಟು, ತೊಡೆಸಂದು, ಕಂಕುಳು ಮತ್ತು ಮೊಲೆತೊಟ್ಟಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಂಡು, ಹೊರಡುವ ಸಾಲಿನಲ್ಲಿ ನಿಮ್ಮ ವೇಗದವರ ನಡುವೆ ನಿಲ್ಲಿ. ಮುಂದೆ ನಿಂತರೆ ಮೊದಲ ಕಿಲೋಮೀಟರಿನಲ್ಲೇ ಅವರ ಜೊತೆ ಕೊಚ್ಚಿಹೋಗುತ್ತೀರಿ. ಗೆರೆ ದಾಟಿದ ಮೇಲೆ ಥಟ್ಟನೆ ನಿಲ್ಲಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಓಡುತ್ತಿರುವಷ್ಟು ಹೊತ್ತು ಮೀನಖಂಡದ ಸ್ನಾಯುಗಳು ರಕ್ತವನ್ನು ಹೃದಯದ ಕಡೆಗೆ ಹಿಂಡುತ್ತಿರುತ್ತವೆ. ನಿಂತ ಕೂಡಲೇ ಆ ಹಿಂಡುವಿಕೆ ನಿಂತು, ರಕ್ತ ಕಾಲುಗಳಲ್ಲೇ ಉಳಿದು, ತಲೆಗೆ ಸಾಲದೆ ಕಣ್ಣು ಕತ್ತಲಿಡುತ್ತದೆ. ಅಂತಿಮ ಗೆರೆಯ ಆಚೆ ಕುಸಿಯುವವರಲ್ಲಿ ಬಹುಮಂದಿಗೆ ಆಗುವುದು ಇಷ್ಟೇ. ಹತ್ತು ನಿಮಿಷ ಮೆಲ್ಲಗೆ ನಡೆಯುತ್ತಾ ಇರಿ, ಪದಕಕ್ಕೆ ಕತ್ತನ್ನು ತುಸುವೇ ಬಾಗಿಸಿ, ಬೂಟಿನ ಲೇಸು ಬಿಚ್ಚಲು ಜೊತೆಯವರನ್ನು ಕರೆಯಿರಿ. ತಲೆ ಸುತ್ತಿದರೆ ಅಂಗಾತ ಮಲಗಿ ಕಾಲುಗಳನ್ನು ಎತ್ತರಕ್ಕಿಡಿ. ಹಾಗೆ ಮಾಡಿ ಕೆಲವು ನಿಮಿಷಗಳಾದರೂ ಮಂಕು ಇಳಿಯದಿದ್ದರೆ, ಜೊತೆಯವರು ವೈದ್ಯಕೀಯ ಶಿಬಿರದವರನ್ನು ಅಲ್ಲಿಗೇ ಕರೆತರಬೇಕು.